ಹವಳದ ಟ್ಯಾಂಕಿಗೆ ಲೈಟು ಕೊನೆಗೆ ತನ್ನಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರದ ಒಂದು ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹವಳ, ಮೀನು ಸಾಕಲು ಉಪ್ಪುನೀರಿನ ಟ್ಯಾಂಕ್ ಇಡಬೇಕು ಎಂದು ಹೊರಟವರು ಮೊದಲು ಕೇಳುವುದು ಲೈಟಿನ ವಿಷಯ. ಯಾವ ಕಂಪೆನಿ, ಎಷ್ಟು ವ್ಯಾಟ್, ನೀಲಿ ಜಾಸ್ತಿ ಬೇಕಾ ಬಿಳಿ ಜಾಸ್ತಿ ಬೇಕಾ. ಕೇಳುವುದು ಸಹಜವೇ. ಹವಳ ಬದುಕುವುದೇ ಬೆಳಕಿನಿಂದ, ಅಂಗಡಿಯಲ್ಲಿ ಕಣ್ಣು ಸೆಳೆಯುವುದೂ ಆ ನೀಲಿ ಬೆಳಕೇ. ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಮಂಜೇಶ್ವರದಿಂದ ನೀಲೇಶ್ವರದವರೆಗಿನ ನಮ್ಮ ಈ ಕರಾವಳಿಯಲ್ಲಿ ಟ್ಯಾಂಕ್ ಇಡುವವರು ಲೈಟನ್ನು ಕಟ್ಟಕಡೆಗೆ ಕೊಳ್ಳಿ. ಮೊದಲು ಸೆಕೆಯ ಬಗ್ಗೆ ಯೋಚಿಸಿ. ಆಮೇಲೆ ನೀರು. ಆಮೇಲೆ ಕರೆಂಟು. ಈ ಮೂರಕ್ಕೆ ದಾರಿ ಮಾಡಿ ಉಳಿದ ದುಡ್ಡಿನಲ್ಲಿ ಲೈಟು.

ಸೆಕೆಯಿಂದಲೇ ಶುರು ಮಾಡುತ್ತೇನೆ. ಹವಳ ಅಂದರೆ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಝೂಕ್ಸಾಂಥೆಲ್ಲೆ ಅಂತ ಹೆಸರು. ಪಾಚಿ ಬೆಳಕು ಹೀರಿ ಸಕ್ಕರೆ ಮಾಡುತ್ತದೆ, ಅದರಲ್ಲಿ ದೊಡ್ಡ ಪಾಲು ಹವಳಕ್ಕೆ ಹೋಗುತ್ತದೆ. ನೀರು ಬಿಸಿಯಾದರೆ ಈ ಸಂಸಾರ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ, ಬೆಳ್ಳಗಾಗುತ್ತದೆ, ಹಾಗೆಯೇ ವಾರಗಟ್ಟಲೆ ಇದ್ದರೆ ಹಸಿವಿನಿಂದ ಸಾಯುತ್ತದೆ. ನಮ್ಮ ಎದುರಿನ ಕಡಲಿನಲ್ಲಿ ದೂರಕ್ಕೆ ಹೋದರೆ ಸಿಗುವ ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಹೀಗೆ ಆಯಿತು. ಅಲ್ಲಿ ಬೇಸಿಗೆಯ ಮಾಮೂಲಿ ಶಾಖಕ್ಕಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು. ಇಡೀ ಸಮುದ್ರದಲ್ಲೇ ಹೀಗಾದರೆ, ಹಂಚಿನ ಮಾಡಿನ ಕೆಳಗಿರುವ ಮೂರಡಿ ಗಾಜಿನ ಪೆಟ್ಟಿಗೆಯ ಪಾಡೇನು?

ಟ್ಯಾಂಕಿನ ನೀರು 25ರಿಂದ 26 ಡಿಗ್ರಿ ಸೆಲ್ಸಿಯಸ್ ಇರಲಿ ಎನ್ನುವುದು ಎಲ್ಲರೂ ಒಪ್ಪುವ ಮಾತು. ಸಾಫ್ಟ್ ಕೋರಲ್ ಎಂಬ ಮೆತ್ತನೆಯ ಹವಳಗಳು 27, 28ನ್ನು ತಡೆದುಕೊಳ್ಳುತ್ತವೆ. ಮೂವತ್ತು ದಾಟಿದರೆ ಕಷ್ಟ. ಏಪ್ರಿಲ್, ಮೇಯಲ್ಲಿ ನಮ್ಮ ಮನೆಯೊಳಗೆ ಎಷ್ಟಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅದರ ಮೇಲೆ ಪಂಪುಗಳ ಬಿಸಿ, ಲೈಟಿನ ಬಿಸಿ ಸೇರುತ್ತದೆ. ಇನ್ನೊಂದು ಸಂಗತಿಯೂ ಇದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೊದಲೇ ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಕಡಿಮೆ ಇರುತ್ತದೆ, 25 ಡಿಗ್ರಿಯಲ್ಲಿ ಲೀಟರಿಗೆ ಆರೂಮುಕ್ಕಾಲು ಮಿಲಿಗ್ರಾಂ ಆಸುಪಾಸು. 30ಕ್ಕೆ ಏರಿದರೆ ಆರು ಚಿಲ್ಲರೆಗೆ ಇಳಿಯುತ್ತದೆ. ಬಿಸಿನೀರಿನಲ್ಲಿ ಮೀನಿಗೆ ಉಸಿರು ಜಾಸ್ತಿ ಬೇಕು, ಸಿಗುವುದು ಮಾತ್ರ ಕಡಿಮೆ.

ಬೆಂಗಳೂರಿನವರ ವೀಡಿಯೊ ನೋಡಿದವರು ಹೇಳುತ್ತಾರೆ, ಸಣ್ಣ ಫ್ಯಾನ್ ಇಟ್ಟರೆ ಸಾಕಂತೆ ಅಂತ. ಅವರಿಗೆ ಸಾಕು. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಇಲ್ಲಿ ಗಾಳಿಯೇ ಒದ್ದೆ. ಮೇ ತಿಂಗಳಲ್ಲಿ ನಮ್ಮ ಮೈಯ ಬೆವರೇ ಆರುವುದಿಲ್ಲ, ಟ್ಯಾಂಕಿನ ನೀರು ಎಲ್ಲಿ ಆರುತ್ತದೆ ಮಾರಾಯ್ರೇ! ಎರಡು ಮೂರು ಡಿಗ್ರಿ ಇಳಿದರೆ ಅದೇ ದೊಡ್ಡದು. 32 ಇದ್ದದ್ದು 29ಕ್ಕೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಹೇಗೂ ತಂಪು, ಫ್ಯಾನಿನ ಕೆಲಸವೇ ಇಲ್ಲ. ಅಂದರೆ ಬೇಡದ ಕಾಲದಲ್ಲಿ ಅದು ಇರುತ್ತದೆ, ಬೇಕಾದ ಕಾಲದಲ್ಲಿ ಅರ್ಧ ಕೆಲಸ ಮಾಡುತ್ತದೆ. ಹಾಗಾಗಿ ನೀರು ತಣಿಸುವ ಯಂತ್ರ, ಚಿಲ್ಲರ್ ಬೇಕು, ಇಲ್ಲವೇ ದಿನವಿಡೀ ಏಸಿ ಓಡುವ ಕೋಣೆ ಬೇಕು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 190 ಲೀಟರ್ ಹಿಡಿಯುತ್ತದೆ. ಇದಕ್ಕೆ ಹತ್ತನೇ ಒಂದು ಎಚ್‌ಪಿಯ ಚಿಲ್ಲರ್ ಸಾಮಾನ್ಯವಾಗಿ ಸಾಕು, ಕೋಣೆ ತೀರಾ ಸೆಕೆಯಾದರೆ ಒಂದು ಹೆಜ್ಜೆ ದೊಡ್ಡದು ಒಳ್ಳೆಯದು. ಟ್ಯಾಂಕಿನ ಬೆಲೆಗಿಂತ ಅದರ ಬೆಲೆಯೇ ಜಾಸ್ತಿಯಾಗಬಹುದು, ಗೊತ್ತಿರಲಿ. ಅದನ್ನು ಸ್ಟ್ಯಾಂಡಿನ ಒಳಗೆ ಮುಚ್ಚಿ ಇಡಬೇಡಿ. ನೀರಿನಿಂದ ತೆಗೆದ ಬಿಸಿಯನ್ನು ಅದು ಹೊರಗೆ ಉಗುಳುತ್ತದೆ. ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟರೆ ಅದೇ ಬಿಸಿಯನ್ನು ಮತ್ತೆ ಎಳೆದುಕೊಂಡು ರಾತ್ರಿ ಹಗಲು ಓಡುತ್ತದೆ, ಬಿಲ್ಲು ಮಾತ್ರ ಏರುತ್ತದೆ. ಒಂದು ಸಮಾಧಾನ ಉಂಟು. ಹೊರದೇಶದ ಪಟ್ಟಿಗಳಲ್ಲೆಲ್ಲ ಹೀಟರ್ ಎಂದು ಬರೆದಿರುತ್ತಾರೆ, ಅದನ್ನು ನಾವು ಆರಾಮವಾಗಿ ಬಿಡಬಹುದು.

ಬಿಲ್ಲಿನ ಮಾತು ಬಂತಲ್ಲ, ಸ್ವಲ್ಪ ಲೆಕ್ಕ ಹಾಕೋಣ. 100 ವ್ಯಾಟಿನ ಎಲ್‌ಇಡಿ ದಿನಕ್ಕೆ ಹತ್ತು ಗಂಟೆ ಉರಿದರೆ ಒಂದು ಯೂನಿಟ್. ನೀರನ್ನು ಮತ್ತೆ ಟ್ಯಾಂಕಿಗೆ ಏರಿಸುವ 30 ವ್ಯಾಟಿನ ರಿಟರ್ನ್ ಪಂಪ್ 24 ಗಂಟೆ ಓಡಿದರೆ ಮುಕ್ಕಾಲು ಯೂನಿಟ್ ಹತ್ತಿರ. ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ವೇವ್‌ಮೇಕರ್ 10 ವ್ಯಾಟ್ ಅಂದರೆ ಕಾಲು ಯೂನಿಟ್. ಚಿಲ್ಲರ್ 200 ವ್ಯಾಟ್ ಎಂದಿಟ್ಟುಕೊಳ್ಳಿ, ಬೇಸಿಗೆಯಲ್ಲಿ ದಿನದ ಅರ್ಧ ಹೊತ್ತು ಓಡಿದರೆ 2.4 ಯೂನಿಟ್. ಒಟ್ಟು ತಿಂಗಳಿಗೆ 130 ಯೂನಿಟ್ ದಾಟುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಚಿಲ್ಲರಿನದೇ. ಕೇರಳದಲ್ಲಿ ಮನೆಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದು, ಹಾಗಾಗಿ ಮೊದಲ ಬಿಲ್ಲು ಬರುವವರೆಗೆ ಯಾರಿಗೂ ಬಿಸಿ ತಾಗುವುದಿಲ್ಲ. ಅದಕ್ಕಿಂತ ಮುಖ್ಯ ಸಂಗತಿ, ತಿಂಗಳಿಗೆ 250 ಯೂನಿಟ್ ದಾಟಿದರೆ ಇಲ್ಲಿ ಸ್ಲ್ಯಾಬಿನ ಲಾಭ ಹೋಗುತ್ತದೆ, ಮೊದಲ ಯೂನಿಟ್‌ನಿಂದಲೇ ಒಂದೇ ದರ ಹಾಕುತ್ತಾರೆ. ಈಗ ನಿಮ್ಮ ಮನೆಗೆ 150 ಬರುತ್ತಿದ್ದರೆ ಈ ಟ್ಯಾಂಕ್ ನಿಮ್ಮನ್ನು ಗೆರೆ ದಾಟಿಸುತ್ತದೆ. ಟ್ಯಾಂಕಿನ ಅಳತೆ ನಿರ್ಧಾರ ಮಾಡುವ ಮೊದಲು ಹಳೆಯ ಬಿಲ್ಲು ತೆಗೆದು ನೋಡಿ, ಮನೆಯವರಿಗೂ ತೋರಿಸಿ. ಆಮೇಲೆ ಜಗಳ ಬೇಡ.

ನೀರಿನ ವಿಷಯದಲ್ಲಿ ಪೆರ್ಲ, ಬದಿಯಡ್ಕ ಕಡೆಯವರಿಗೆ ಒಂದು ಹೆಮ್ಮೆ ಇದೆ. ನಮ್ಮದು ಗುಡ್ಡ ಕೊರೆದು ತೆಗೆದ ಸುರಂಗದ ನೀರು, ಇದಕ್ಕಿಂತ ಶುದ್ಧ ಯಾವುದು? ಕುಡಿಯಲಿಕ್ಕೆ ಹೌದು. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಕಡಿಮೆಯೇ ತೋರಿಸುತ್ತದೆ. ಆದರೆ ಹವಳದ ಟ್ಯಾಂಕಿಗೆ ಬೇಕಾದದ್ದು ಸೊನ್ನೆ. ಕೆಂಪುಕಲ್ಲಿನ ನೆಲದಿಂದ ಬರುವ ನೀರಿನಲ್ಲಿ ಕಬ್ಬಿಣ ಇರಬಹುದು, ಸಿಲಿಕೇಟ್ ಇರಬಹುದು, ತೋಟದ ಗೊಬ್ಬರದ ನೈಟ್ರೇಟ್ ಇರಬಹುದು. ಇವೆಲ್ಲ ಪಾಚಿಗೆ ಹಬ್ಬದೂಟ. ಇನ್ನು ಕಡಲಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ, ಅದು ಬೇರೆ ಕತೆ. ಮನೆಯ ಆರ್‌ಒ ಸಾಕಾ ಎಂದು ಕೇಳುತ್ತೀರಿ. ಕುಡಿಯುವ ಆರ್‌ಒಗಳಲ್ಲಿ ಎಷ್ಟೋ ಕಡೆ ಕೊನೆಗೆ ಮಿನರಲ್ ಸೇರಿಸುವ ಕಾರ್ಟ್ರಿಜ್ ಇರುತ್ತದೆ, ಟಿಡಿಎಸ್ ಏರಿಸುವ ತಿರುಪು ಇರುತ್ತದೆ. ನಮಗೆ ಅದರ ಉಲ್ಟಾ ಬೇಕು. ಆರ್‌ಒ ಆದಮೇಲೆ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರೆಸಿನ್ ತುಂಬಿದ ಒಂದು ಕೊಳವೆ, ಅದರಾಚೆ ಮೀಟರಿನಲ್ಲಿ ಸೊನ್ನೆ. ಮಳೆಗಾಲದಲ್ಲಿ ಮೊದಲ ಕೆಲವು ಮಳೆ ಬಿಟ್ಟು ಮಾಡಿನ ನೀರು ಹಿಡಿದು ಅದನ್ನೇ ಈ ಫಿಲ್ಟರಿಗೆ ಕೊಟ್ಟರೆ ರೆಸಿನ್ ಬಹಳ ಕಾಲ ಬಾಳುತ್ತದೆ. ನಮ್ಮಲ್ಲಿ ಮಳೆಗೇನು ಬರವಿಲ್ಲ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು.

ಆಗ ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು, "ಮಾಷ್ಟ್ರೇ, ಕಣ್ವತೀರ್ಥಕ್ಕೆ ಹೋಗಿ ನಾಲ್ಕು ಕ್ಯಾನ್ ಕಡಲನೀರು ತುಂಬಿಸಿ ತಂದರೆ ಆಗುದಿಲ್ವಾ? ಉಪ್ಪಿಗೆ ಯಾಕೆ ದುಡ್ಡು?" ಒಳ್ಳೆಯ ಪ್ರಶ್ನೆ. ಕಡಲು ಎದುರಿಗೇ ಇದೆಯಲ್ಲ ಎಂದು ಎಲ್ಲರಿಗೂ ಅನಿಸುತ್ತದೆ. ತೊಂದರೆ ಏನೆಂದರೆ ನಮ್ಮ ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳು. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಲ್ಲ ಹತ್ತಿರ ಹತ್ತಿರ ಕಡಲು ಸೇರುತ್ತವೆ. ಜೂನ್‌ನಿಂದ ದಡದ ನೀರು ಕೆಂಪಗೆ, ಉಪ್ಪು ಕಡಿಮೆ. ಬೇಸಿಗೆಯಲ್ಲಿ ಉಪ್ಪು ಸರಿಯಾಗಿರುತ್ತದೆ, ಆದರೆ ದೋಣಿಗಳ ಎಣ್ಣೆ, ಪಟ್ಟಣದ ಚರಂಡಿ ಎಲ್ಲ ಬಂದು ಸೇರುವುದು ಅಲ್ಲಿಗೇ. ದೂರಕ್ಕೆ ಹೋಗುವ ದೋಣಿಯವರ ಪರಿಚಯ ಇದ್ದರೆ, ಬೇಸಿಗೆಯಲ್ಲಿ ತಂದ ನೀರನ್ನು ಕತ್ತಲೆಯಲ್ಲಿಟ್ಟು ಸೋಸಿ ಬಳಸಬಹುದು. ಮೊದಲ ಟ್ಯಾಂಕಿಗೆ ಈ ರಗಳೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅಕ್ವೇರಿಯಂ ಸಾಲ್ಟ್ ತನ್ನಿ, ಲೀಟರಿಗೆ 35ರಿಂದ 38 ಗ್ರಾಂ. ಹವಳ ಕೂರಿಸುವ ಕಲ್ಲು ಹಾಕಿದಮೇಲೆ ಮೂರಡಿ ಟ್ಯಾಂಕಿನಲ್ಲಿ ಉಳಿಯುವ ನೀರಿಗೆ ಆರು ಕಿಲೋ ಸಾಕು. ಅಡುಗೆಯ ಕಲ್ಲುಪ್ಪು ಆಗುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದ ಪ್ರಮಾಣದಲ್ಲಿಲ್ಲ. ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ, 35 ತೋರಿಸಬೇಕು, ಅಂದರೆ ಸಾಂದ್ರತೆ 1.026. ತೇಲುವ ಪ್ಲಾಸ್ಟಿಕ್ ಮುಳ್ಳಿನ ಅಗ್ಗದ ಮೀಟರನ್ನು ನಾನು ನಂಬುವುದಿಲ್ಲ.

ಇನ್ನೊಂದು ನೆನಪಿಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಕಡಿಮೆಯಾದದ್ದಕ್ಕೆ ಸಿಹಿನೀರು ಸೇರಿಸಬೇಕು, ಉಪ್ಪುನೀರಲ್ಲ. ದಿನಾ ನೆನಪಿಟ್ಟು ಸುರಿಯುವವರು ಯಾರೂ ಇಲ್ಲ, ಹಾಗಾಗಿ ತಾನಾಗಿ ನೀರು ಸೇರಿಸುವ ಎಟಿಒ ಎಂಬ ಸಣ್ಣ ಸಾಧನವನ್ನು ಮೊದಲ ಪಟ್ಟಿಯಲ್ಲೇ ಸೇರಿಸಿ.

ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಏನು ಮಾಡುತ್ತದೆ ಎಂದು ನೋಡಬೇಕಾದರೆ ಆಷಾಢದಲ್ಲಿ ಬೇಕಲದ ಕಡಲಕರೆಗೆ ಹೋಗಿ. ಅಲೆ ಹೊಡೆದು ದಡದಲ್ಲಿ ಹಳದಿ ನೊರೆ ರಾಶಿ ಬಿದ್ದಿರುತ್ತದೆ. ನೀರಿನಲ್ಲಿ ಕರಗಿದ ಜಿಡ್ಡು, ಪ್ರೋಟೀನು ಗಾಳಿಗುಳ್ಳೆಗೆ ಅಂಟಿಕೊಂಡು ಮೇಲೆ ಬಂದದ್ದು ಅದು. ಸ್ಕಿಮ್ಮರಿನೊಳಗೂ ಅದೇ ಕೆಲಸ. ಉಪ್ಪುನೀರಿನಲ್ಲಿ ಗುಳ್ಳೆ ಸಣ್ಣದಾಗಿ, ಒಡೆಯದೆ ನಿಲ್ಲುವುದರಿಂದ ಇದು ನಡೆಯುತ್ತದೆ, ಸಿಹಿನೀರಿನ ಟ್ಯಾಂಕಿನಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಕಪ್ ತೆಗೆದರೆ ಕಡುಕಂದು ಬಣ್ಣದ, ಮೂಗು ಮುಚ್ಚಿಕೊಳ್ಳಬೇಕಾದ ನೀರು ಸಿಗುತ್ತದೆ. ಆ ನಾತ ಬಂದರೆ ಸಂತೋಷಪಡಿ, ಅದು ಟ್ಯಾಂಕಿನಲ್ಲಿ ಕೊಳೆಯಬೇಕಾಗಿದ್ದದ್ದು. ಸಣ್ಣ ಟ್ಯಾಂಕ್, ಎರಡೇ ಮೀನು, ವಾರಕ್ಕೆ ಹತ್ತು ಶೇಕಡಾ ನೀರು ಬದಲಿಸುವ ಶಿಸ್ತು ಇದ್ದರೆ ಸ್ಕಿಮ್ಮರ್ ಇಲ್ಲದೆಯೂ ನಡೆಯುತ್ತದೆ. ಆದರೆ ಅದು ಆಮ್ಲಜನಕವನ್ನೂ ಬೆರೆಸುತ್ತದೆ ನೋಡಿ, ನಮ್ಮ ಸೆಕೆಗೆ ಇದ್ದರೆ ಒಳ್ಳೆಯದೇ.

ವೇವ್‌ಮೇಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಫ್ಟ್ ಕೋರಲ್‌ಗೆ ಗಂಟೆಗೆ ಟ್ಯಾಂಕಿನ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ಹರಿವು ಸಾಕು, ಒಂದೇ ಕಡೆಗೆ ನೇರ ಹೊಡೆಯಬಾರದು. ಡಿಸಿ, ಅಂದರೆ ಬ್ಯಾಟರಿಯಲ್ಲೂ ಓಡುವ ಪಂಪಿನದೇ ಕೊಳ್ಳಿ. ಯಾಕೆಂದರೆ ಕರೆಂಟು.

ಮಳೆಗಾಲದಲ್ಲಿ ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ರಾತ್ರಿಯಿಡೀ ಕತ್ತಲೆ. ಲೈಟು ಇಲ್ಲದೆ ಹವಳ ಎರಡು ಮೂರು ದಿನ ಆರಾಮವಾಗಿರುತ್ತದೆ. ನೀರು ಅಲುಗಾಡದಿದ್ದರೆ ಕೆಲವೇ ಗಂಟೆಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡಲು ಶುರು ಮಾಡುತ್ತದೆ. ಇನ್ವರ್ಟರಿಗೆ ವೇವ್‌ಮೇಕರ್ ಒಂದನ್ನು ಮಾತ್ರ ಕೊಡಿ, 10 ವ್ಯಾಟ್ ಎಷ್ಟು ಹೊತ್ತಾದರೂ ಓಡುತ್ತದೆ. ಚಿಲ್ಲರನ್ನು ಅದಕ್ಕೆ ಸಿಕ್ಕಿಸಿದರೆ ಬ್ಯಾಟರಿ ಹೊತ್ತಿಗೆ ಮುಂಚೆಯೇ ಕೈಕೊಡುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್‌ಪಂಪ್ ಇಟ್ಟುಕೊಳ್ಳಿ. ಕೆಳಗೆ ಸಂಪ್, ಅಂದರೆ ಫಿಲ್ಟರಿನ ಎರಡನೇ ಟ್ಯಾಂಕ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಟ್ಯಾಂಕ್ ತುಂಬಿಸಿದ ದಿನವೇ ಪಂಪನ್ನು ಬೇಕೆಂದೇ ಆಫ್ ಮಾಡಿ ನೋಡಿ. ಮೇಲಿನ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ಸಂಪಿನಲ್ಲಿ ಅದಕ್ಕೆ ಜಾಗ ಇದೆಯಾ ಎಂದು ಅವತ್ತೇ ಗೊತ್ತಾಗಲಿ. ನನ್ನ ಪರಿಚಯದವರೊಬ್ಬರಿಗೆ ಇದು ಗೊತ್ತಾದದ್ದು ಮದುವೆಗೆ ಹೋಗಿ ಬಂದಾಗ, ಚಾವಡಿಯ ನೆಲದ ತುಂಬ ಉಪ್ಪುನೀರು ನಿಂತಿತ್ತು! ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ, ಹಾಗಾಗಿ ಮೇನಿನಲ್ಲಿ ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಇಎಲ್‌ಸಿಬಿ ಇದೆಯಾ ನೋಡಿ, ವಯರುಗಳು ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಮೇಲೆ ಬರಲಿ, ತೊಟ್ಟಿಕ್ಕಿದ ನೀರು ಅಲ್ಲೇ ಬೀಳುತ್ತದೆ. ಇದರಲ್ಲಿ ಉಳಿತಾಯ ಬೇಡ.

ಈಗ ಲೈಟು. ಕೊನೆಗೆ ಎಂದು ಯಾಕೆ ಹೇಳಿದೆ ಅಂದರೆ, ಮೊದಲ ನಾಲ್ಕರಿಂದ ಆರು ವಾರ ಅದರ ಕೆಲಸವೇ ಇಲ್ಲ. ಕಲ್ಲು, ನೀರು, ಉಪ್ಪು ಹಾಕಿದಮೇಲೆ ಬ್ಯಾಕ್ಟೀರಿಯಾ ಬೆಳೆಯಬೇಕು. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಬೇಕು. ಟೆಸ್ಟ್ ಕಿಟ್ಟಿನಲ್ಲಿ ಮೊದಲೆರಡೂ ಸೊನ್ನೆಗೆ ಇಳಿಯುವವರೆಗೆ ಒಳಗೆ ಮೀನಾಗಲಿ ಹವಳವಾಗಲಿ ಬಿಡಬಾರದು. ಈ ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಡ. ಲೈಟು ಉರಿಸಿದರೆ ಲಾಭ ಪಾಚಿಗೆ ಮಾತ್ರ. ಲೈಟು ಮೊದಲೇ ತಂದವರು ಅದನ್ನು ಉರಿಸದೆ ಇರುವುದಿಲ್ಲ, ಹವಳ ಬರುವ ಮೊದಲೇ ಹಸಿರು ಗಡ್ಡ ಬೆಳೆದಿರುತ್ತದೆ.

ಆಮೇಲೆ, ಯಾವ ಹವಳ ಎಂದು ನಿರ್ಧಾರವಾಗದೆ ಯಾವ ಲೈಟು ಎಂದು ಹೇಳಲು ಬರುವುದಿಲ್ಲ. ವ್ಯಾಟ್ ಅಂದರೆ ಅದು ತಿನ್ನುವ ಕರೆಂಟು. ಹವಳಕ್ಕೆ ತಲುಪುವ ಬೆಳಕನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಡುಮಧ್ಯಾಹ್ನದ ಬಿಸಿಲು ಸುಮಾರು 2000. ಮಶ್ರೂಮ್, ಝೋವಾಂತಿಡ್, ಲೆದರ್ ತರದ ಸಾಫ್ಟ್ ಕೋರಲ್‌ಗಳಿಗೆ 50ರಿಂದ 100ರ ಆಸುಪಾಸು ಸಾಕು. ಕೊಂಬೆಕೊಂಬೆಯಾಗಿ ಬೆಳೆಯುವ ಗಟ್ಟಿ ಹವಳಗಳಿಗೆ 200ರಿಂದ 350. ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ, ಬೆಲೆಯೂ ಹಾಗೇ. ನಾನು ಹೇಳುವುದು ಸಾಫ್ಟ್ ಕೋರಲ್‌ನಿಂದಲೇ ಶುರು ಮಾಡಿ. ಅವು ತಪ್ಪನ್ನು ಕ್ಷಮಿಸುತ್ತವೆ. ಅದಕ್ಕಿಂತ ದೊಡ್ಡ ಕಾರಣ ಕಾನೂನು. ಕಲ್ಲುಹವಳಗಳೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸೇರಿವೆ. ಹುಲಿ ಇರುವ ಪಟ್ಟಿ ಅದು. ಲಕ್ಷದ್ವೀಪಕ್ಕೆ ಹೋದವರು ಚೆಂದ ಕಂಡಿತೆಂದು ಒಂದು ತುಂಡು ಚೀಲಕ್ಕೆ ಹಾಕಿಕೊಂಡು ಬರುವ ಹಾಗಿಲ್ಲ, ಸತ್ತದ್ದಾದರೂ ಅಪರಾಧವೇ. ಕಡಲಕುದುರೆಯೂ ಹಾಗೇ. ಅಂಗಡಿಯವರು ಹೊರದೇಶದ್ದು ಎಂದರೆ ಕಾಗದ ಕೇಳಿ, ಇಲ್ಲದಿದ್ದರೆ ಮುಟ್ಟಬೇಡಿ. ಒಳಗೆ ಹಾಕುವ ಕಲ್ಲಿಗೂ ಸೆರಾಮಿಕ್‌ನಲ್ಲಿ ಮಾಡಿದ್ದು ಸಿಗುತ್ತದೆ, ಅದೇ ಸಾಕು. ಮೀನಿನಲ್ಲೂ ಮರಿ ಮಾಡಿಸಿದ ಕ್ಲೌನ್ ಮೀನು ಕೇಳಿ ತನ್ನಿ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದರ ಮರಿ ಬೆಳೆಸುವ ವಿಧಾನವನ್ನು ಯಾವಾಗಲೋ ಕೈವಶ ಮಾಡಿಕೊಂಡಿದ್ದಾರೆ.

ಬಣ್ಣದ ವಿಷಯ. ಕೆಂಪು ಬೆಳಕನ್ನು ಸಮುದ್ರದ ನೀರು ಮೊದಲ ಕೆಲವು ಮೀಟರಿನಲ್ಲೇ ನುಂಗುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿ ಆ ನೀಲಿಗೇ ಒಗ್ಗಿದೆ, 420ರಿಂದ 480 ನ್ಯಾನೋಮೀಟರ್ ಸುತ್ತಮುತ್ತ. ಹಾಗಾಗಿ ಚಾವಡಿಗೆ ಹಾಕುವ ಬಿಳಿ ಟ್ಯೂಬಿನಲ್ಲಿ ಹವಳ ಚೆನ್ನಾಗಿ ಬರುವುದಿಲ್ಲ. ನೀಲಿ ಮತ್ತು ಬಿಳಿ ಬೇರೆ ಬೇರೆ ಏರಿಸಿ ಇಳಿಸಲು ಬರುವ, ಟೈಮರ್ ಇರುವ ರೀಫ್ ಎಲ್‌ಇಡಿ ಬೇಕು. ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ, ನೀಲಿ ಆರಿಸಿ ಬಿಳಿ ಹಾಕಲು ಹೇಳಿ. ಬರೀ ನೀಲಿಯಲ್ಲಿ ಎಲ್ಲ ಹವಳವೂ ಮಿನುಗುತ್ತದೆ, ಸಾಯುತ್ತಿರುವುದೂ ಮಿನುಗಬಹುದು. ಮೂರಡಿ ಟ್ಯಾಂಕಿಗೆ ಒಂದು ದೊಡ್ಡ ಲೈಟಿಗಿಂತ ಎರಡು ಸಣ್ಣದು ಒಳ್ಳೆಯದು, ನೆರಳು ಕಡಿಮೆ, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ತಣಿಸಲು ಫ್ಯಾನ್ ಇರುವ ಲೈಟಾದರೆ ಬಿಚ್ಚಿ ಒರೆಸಲು ಬರುತ್ತದಾ ಕೇಳಿ. ನಮ್ಮ ಉಪ್ಪುಗಾಳಿಗೆ ಮನೆಯ ಕಿಟಕಿ ಸರಳೇ ಉಳಿಯುವುದಿಲ್ಲ.

ಲೈಟು ಹಾಕಿದ ಮೊದಲ ದಿನವೇ ನೂರು ಶೇಕಡಾ ಬೇಡ. ಮೂವತ್ತರಿಂದ ಶುರು ಮಾಡಿ ಕೆಲವು ವಾರಗಳಲ್ಲಿ ಮೆಲ್ಲ ಏರಿಸಿ, ದಿನಕ್ಕೆ ಎಂಟರಿಂದ ಹತ್ತು ಗಂಟೆ. ಪಾರ್ ಮೀಟರ್ ದುಬಾರಿ, ಒಬ್ಬೊಬ್ಬರೂ ಕೊಳ್ಳುವ ವಸ್ತುವಲ್ಲ. ಅದಿಲ್ಲದಿದ್ದರೆ ಹವಳವನ್ನೇ ನೋಡಿ. ಝೋವಾಂತಿಡ್ ಅಂದರೆ ಅಂಗಿಯ ಗುಂಡಿಯಂಥ ಸಣ್ಣ ಸಣ್ಣ ಜೀವಿಗಳ ಗುಂಪು, ಒಂದೊಂದಕ್ಕೂ ಸುತ್ತ ರೆಪ್ಪೆಯಂಥ ಎಸಳು. ಬೆಳಕು ಸಾಲದಿದ್ದರೆ ಅದರ ದಂಟು ಉದ್ದವಾಗಿ ಮೇಲಕ್ಕೆ ಚಾಚುತ್ತದೆ. ಜಾಸ್ತಿಯಾದರೆ ಕುಳ್ಳಗಾಗಿ ಕಲ್ಲಿಗೆ ಅಂಟಿಕೊಂಡು ಹಗಲಿನಲ್ಲೂ ಮುಚ್ಚಿರುತ್ತದೆ. ಮಶ್ರೂಮ್ ಆದರೆ ಬೆಳಕು ಕಡಿಮೆಯಾದಾಗ ತಟ್ಟೆಯ ಹಾಗೆ ಅಗಲಕ್ಕೆ ಹರಡುತ್ತದೆ, ಜಾಸ್ತಿಯಾದಾಗ ಅಂಚು ಮಡಚಿ ಮುದುಡುತ್ತದೆ. ಲೆದರ್ ಕೆಲವು ದಿನ ಮಂಕಾಗಿ ಮೈಮೇಲೆ ಮೇಣದಂಥ ಪೊರೆ ಬಿಟ್ಟರೆ ಹೆದರಬೇಡಿ, ಅದು ಪೊರೆ ಕಳಚುವುದು ಮಾಮೂಲಿ. ಹಾಂ, ಝೋವಾಂತಿಡ್ ಮುಟ್ಟುವಾಗ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡುವಿಷ ಇದೆ. ಅವು ಹಿಡಿದ ಕಲ್ಲನ್ನು ತೊಳೆಯಲೆಂದು ಬಿಸಿನೀರಲ್ಲಿ ಕುದಿಸಲೇಬೇಡಿ, ಆವಿಯಲ್ಲಿ ವಿಷ ಬಂದು ಮನೆಮಂದಿ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶದಲ್ಲಿ ಆಗಿವೆ.

ಒಬ್ಬರು ಅಕ್ಕ ಕೇಳಿದರು, ಕಿಟಕಿಯ ಬಿಸಿಲೇ ಸಾಕಲ್ವಾ ಅಂತ. ಬೆಳಕು ಧಾರಾಳ, ಆದರೆ ಬಿಸಿ, ಪಾಚಿ ಎರಡೂ ಜೊತೆಗೇ ಬರುತ್ತವೆ. ಮತ್ತೆ ಜೂನ್‌ನಿಂದ ಬಿಸಿಲೆಲ್ಲಿ? ಮನೆಯ ಅಂಗಳದ ಕೆಂಪುಕಲ್ಲು ಒಳಗೆ ಇಡಬಹುದಾ ಎಂದು ಇನ್ನೊಬ್ಬರು. ಬೇಡ, ಅದರ ಮೈಯೆಲ್ಲ ಕಬ್ಬಿಣ ಮತ್ತು ಅಲ್ಯೂಮಿನಿಯಂ.

ಕೊನೆಯ ಪ್ರಶ್ನೆ ಕಾಲೇಜಿನ ಹುಡುಗನದು. ಮಂಗಳೂರಿನಲ್ಲಿ ಯಾರೋ ಟ್ಯಾಂಕ್ ಮುಚ್ಚುತ್ತಿದ್ದಾರೆ, ಸೆಕೆಂಡ್‌ಹ್ಯಾಂಡ್ ಸೆಟ್ ಸಿಗುತ್ತದೆ, ತೆಗೆದುಕೊಳ್ಳಲಾ? ಧೈರ್ಯವಾಗಿ ನೋಡು ಮಾರಾಯ. ಮೊದಲು ಕೇಳಬೇಕಾದದ್ದು, ಆ ಟ್ಯಾಂಕಿಗೆ ಯಾವಾಗಲಾದರೂ ತಾಮ್ರದ ಮದ್ದು ಹಾಕಿದ್ದಾರಾ ಅಂತ. ಮೀನಿನ ರೋಗಕ್ಕೆ ಹಾಕುತ್ತಾರೆ, ಅದು ಕಲ್ಲಿನಲ್ಲಿ, ಸಿಲಿಕೋನಿನಲ್ಲಿ ಉಳಿದು ಹವಳವನ್ನೂ ಸಿಗಡಿಯನ್ನೂ ಕೊಲ್ಲುತ್ತದೆ. ಹೌದು ಎಂದರೆ ಗಾಜು, ಕಲ್ಲು ಬಿಟ್ಟುಬಿಡು. ಚಿಲ್ಲರನ್ನು ಅಲ್ಲೇ ಅರ್ಧ ಗಂಟೆ ಓಡಿಸಿ ನೀರಿನ ಡಿಗ್ರಿ ಇಳಿಯುತ್ತಿದೆಯಾ ನೋಡು. ಪಂಪುಗಳನ್ನು ವಿನೆಗರಿನಲ್ಲಿ ನೆನೆಸಿದರೆ ಸುಣ್ಣ ಬಿಟ್ಟು ಹೊಸದರ ಹಾಗೆ ಓಡುತ್ತವೆ. ಲೈಟಿನಲ್ಲಿ ನೀಲಿ, ಬಿಳಿ ಒಂದೊಂದೇ ಉರಿಸಿ ಆರಿಹೋದ ಬಲ್ಬು ಎಷ್ಟಿವೆ ಎಣಿಸು, ಅದರ ಪ್ರಕಾರ ಬೆಲೆ ಇಳಿಸು. ಚಿಲ್ಲರ್ ಚೆನ್ನಾಗಿದ್ದು ಲೈಟು ಹಳತಾಗಿದ್ದರೂ ಆ ಸೆಟ್ ತೆಗೆದುಕೋ. ಲೈಟು ಒಂದೂವರೆ ತಿಂಗಳು ಬಿಟ್ಟು ನೋಡೋಣ.